ಬಾಯಿಮಾತಿನ ಅಂಗಡಿಗೆ ಈಗ ಬರಹದ ಲೆಕ್ಕ: ಜಿಎಸ್‌ಟಿ ನೋಟಿಸ್‌ನಿಂದ ಕಾರ್ಮಿಕ ಸಂಹಿತೆಗಳವರೆಗೆ

ಬೆಂಗಳೂರು: 2025ರ ಜುಲೈ ತಿಂಗಳಲ್ಲಿ ನಗರದ ಅನೇಕ ಸಣ್ಣ ಅಂಗಡಿಗಳ ಗಲ್ಲಾದ ಮೇಲೆ ಅಂಟಿಸಿದ್ದ ಕ್ಯೂಆರ್ ಕೋಡ್ ಒಮ್ಮೆಲೇ ಮಾಯವಾಯಿತು. ಆ ಜಾಗದಲ್ಲಿ ‘ಯುಪಿಐ ಇಲ್ಲ, ನಗದು ಮಾತ್ರ’ ಎಂಬ ಕೈಬರಹದ ಚೀಟಿ ಬಂತು. ಕಮ್ಮನಹಳ್ಳಿಗೆ ಹತ್ತಿರದ ಹೊರಮಾವಿನ ಅಂಗಡಿಯವರೂ ನಗದನ್ನೇ ಕೇಳುತ್ತಿದ್ದುದು ಪತ್ರಿಕೆಗಳಲ್ಲಿ ವರದಿಯಾಯಿತು. ಹತ್ತು ರೂಪಾಯಿ ಚಹಾಕ್ಕೂ ಫೋನ್ ತೋರಿಸುವ ಗಿರಾಕಿಗಳು ಜೇಬು ತಡಕಾಡಬೇಕಾಯಿತು.

ಕಮ್ಮನಹಳ್ಳಿಯಂತಹ ಜಾಗಕ್ಕೆ ಇದು ಸಣ್ಣ ವಿಷಯವಲ್ಲ. ಒಂದು ಕಡೆ ಲಿಂಗರಾಜಪುರ, ಇನ್ನೊಂದು ಕಡೆ ಬಾಣಸವಾಡಿ, ಆಚೆಗೆ ಎಚ್‌ಆರ್‌ಬಿಆರ್ ಬಡಾವಣೆ ಮತ್ತು ಕಲ್ಯಾಣ ನಗರ, ಇಷ್ಟೂ ಬಡಾವಣೆಗಳ ಜನ ಸಂಜೆಯಾದರೆ ಕಮ್ಮನಹಳ್ಳಿ ಮುಖ್ಯರಸ್ತೆಗೆ ಬರುತ್ತಾರೆ. ಬಟ್ಟೆ, ಚಪ್ಪಲಿ, ಬೇಕರಿ, ತಿಂಡಿ, ಮೊಬೈಲ್, ಪಾತ್ರೆ, ಎಲ್ಲವೂ ಅಲ್ಲಿದೆ. ಗಿರಾಕಿಗಳಲ್ಲಿ ವಿದ್ಯಾರ್ಥಿಗಳೇ ಬಹಳ. ಇಂತಹ ಬೀದಿಗಳಲ್ಲಿ ಅಂಗಡಿ ಇಟ್ಟಿರುವ ಜೈನ ಕುಟುಂಬಗಳು ಬೆಂಗಳೂರಿನಲ್ಲಷ್ಟೇ ಅಲ್ಲ, ಹುಬ್ಬಳ್ಳಿ, ಬೆಳಗಾವಿ, ಮೈಸೂರು, ದಾವಣಗೆರೆಗಳಲ್ಲೂ ಇವೆ. ಆದ್ದರಿಂದ ಕಮ್ಮನಹಳ್ಳಿಯ ಅಂಗಡಿಗೆ ಅನ್ವಯಿಸುವ ಮಾತು ರಾಜ್ಯದ ಎಲ್ಲ ಅಂಗಡಿಗಳಿಗೂ ಅನ್ವಯಿಸುತ್ತದೆ.

ಕಳೆದ ಎರಡು ವರ್ಷಗಳಲ್ಲಿ ಅಂಗಡಿಯವರ ಮೇಲೆ ಬಂದ ನಿಯಮಗಳು ಒಂದೆರಡಲ್ಲ. ಜಿಎಸ್‌ಟಿ ದರಗಳು ಬದಲಾದವು, ಕಾರ್ಮಿಕ ಕಾನೂನುಗಳು ಬದಲಾದವು, ನಾಮಫಲಕದ ನಿಯಮ ಬಿಗಿಯಾಯಿತು, ಮಹಿಳಾ ನೌಕರರಿಗೆ ಹೊಸ ರಜೆ ಬಂತು. ಇವೆಲ್ಲ ಬೇರೆ ಬೇರೆ ಇಲಾಖೆಗಳ ಕೆಲಸವಾದರೂ ಅಂಗಡಿಯವನಿಂದ ಬೇಡುವುದು ಒಂದನ್ನೇ: ಬರಹದಲ್ಲಿ ತೋರಿಸು. ತಲೆಮಾರುಗಳಿಂದ ಬಾಯಿಮಾತಿನ ಮೇಲೆ, ನಂಬಿಕೆಯ ಮೇಲೆ ನಡೆದ ವ್ಯಾಪಾರಕ್ಕೆ ಇದು ಕಿರಿಕಿರಿಯೇ. ಆದರೆ ಬರಹ ಇಲ್ಲದವನು ಪ್ರಾಮಾಣಿಕನಾಗಿದ್ದರೂ ಸೋಲುತ್ತಾನೆ ಎಂಬುದು ಜುಲೈ ತಿಂಗಳ ಗಲಾಟೆಯಲ್ಲಿ ಸ್ಪಷ್ಟವಾಯಿತು.

ನೋಟಿಸ್ ಬಂದದ್ದು ಏಕೆ?

ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆಯು ಪಾವತಿ ಸೇವೆ ನೀಡುವ ಕಂಪನಿಗಳಿಂದ 2021-22ರಿಂದ 2024-25ರವರೆಗಿನ ಯುಪಿಐ ವಿವರ ಪಡೆಯಿತು. ಜಿಎಸ್‌ಟಿ ನೋಂದಣಿ ಇಲ್ಲದೆ, ಮಿತಿಗಿಂತ ಹೆಚ್ಚು ಹಣ ಬಂದಿರುವ ಖಾತೆಗಳವರಿಗೆ ನೋಟಿಸ್ ಕಳುಹಿಸಿತು. ಬೇಕರಿ, ಕಾಂಡಿಮೆಂಟ್ಸ್, ಬೀಡಾ ಅಂಗಡಿ, ಚಹಾದಂಗಡಿ, ಹಾಲು-ತರಕಾರಿ ಮಾರುವವರು ಯಾರೂ ಇದಕ್ಕೆ ಹೊರತಾಗಲಿಲ್ಲ. ಹಾವೇರಿಯ ಒಬ್ಬ ತರಕಾರಿ ವ್ಯಾಪಾರಿಗೆ 29 ಲಕ್ಷ ರೂಪಾಯಿ ತೆರಿಗೆಯ ನೋಟಿಸ್ ಬಂದ ಸುದ್ದಿ ರಾಜ್ಯವೆಲ್ಲ ಹರಡಿತು. ತಾಜಾ ತರಕಾರಿಗೆ ಜಿಎಸ್‌ಟಿಯೇ ಇಲ್ಲ ಎಂಬುದು ಎಲ್ಲರಿಗೂ ಗೊತ್ತು. ಆದರೆ ಕಂಪ್ಯೂಟರಿಗೆ ಕಂಡದ್ದು ಖಾತೆಗೆ ಬಂದ ಹಣ ಮಾತ್ರ. ಆ ಹಣ ಯಾವ ಮಾಲಿನದು ಎಂದು ಹೇಳುವ ಹೊಣೆ ವ್ಯಾಪಾರಿಯ ಮೇಲೆಯೇ ಬಿತ್ತು.

ವ್ಯಾಪಾರಿಗಳು ಜುಲೈ 25ರಂದು ಬಂದ್ ಮಾಡುವುದಾಗಿ ಹೇಳಿದರು. ಜುಲೈ 23ರಂದು ಮುಖ್ಯಮಂತ್ರಿ ಸಿದ್ದರಾಮಯ್ಯ ಅವರೊಂದಿಗೆ ಸಭೆ ನಡೆಯಿತು. ವಿನಾಯಿತಿ ಇರುವ ಮಾಲು ಮಾರುವವರಿಂದ ತೆರಿಗೆ ಕೇಳುವುದಿಲ್ಲ, ಹಳೆಯ ಬಾಕಿಗೆ ಒತ್ತಾಯಿಸುವುದಿಲ್ಲ, ಆದರೆ ನೋಂದಣಿಯ ಮಿತಿ ದಾಟಿದವರು ನೋಂದಣಿ ಮಾಡಿಸಿಕೊಳ್ಳಲೇಬೇಕು ಎಂಬ ಭರವಸೆ ಮತ್ತು ಷರತ್ತು ಎರಡೂ ಅಲ್ಲಿಂದ ಬಂದವು. ಬಂದ್ ನಿಂತಿತು. ಎಷ್ಟೋ ಅಂಗಡಿಗಳಲ್ಲಿ ಕ್ಯೂಆರ್ ಕೋಡ್ ಮರಳಿ ಬಂತು.

ಗಮನಿಸಬೇಕಾದ ಸಂಗತಿ ಎಂದರೆ, ಕ್ಯೂಆರ್ ಕಿತ್ತುಹಾಕಿದರೆ ತೆರಿಗೆ ತಪ್ಪುತ್ತದೆ ಎಂಬ ಲೆಕ್ಕಾಚಾರವೇ ತಪ್ಪು. ಕಾನೂನು ನೋಡುವುದು ಒಟ್ಟು ವಹಿವಾಟನ್ನು. ನಗದು, ಚೆಕ್, ಕಾರ್ಡ್, ಯುಪಿಐ ಎಲ್ಲ ಸೇರಿ ಒಂದೇ ಲೆಕ್ಕ. ಇಲಾಖೆಯೂ ಆಗ ಇದನ್ನೇ ಸ್ಪಷ್ಟಪಡಿಸಿತು.

ಜೈನ ಓದುಗರಿಗೆ ಇಲ್ಲಿ ಒಂದು ಹಳೆಯ ಮಾತು ನೆನಪಾಗಬಹುದು. ಆಚಾರ್ಯ ಉಮಾಸ್ವಾಮಿಗಳ ತತ್ತ್ವಾರ್ಥಸೂತ್ರವು ಶ್ರಾವಕನ ಅಚೌರ್ಯ ವ್ರತಕ್ಕೆ ಐದು ಅತಿಚಾರಗಳನ್ನು ಹೇಳುತ್ತದೆ. ತೂಕ-ಅಳತೆಯಲ್ಲಿ ಹೆಚ್ಚು ಕಡಿಮೆ ಮಾಡುವುದು ಅವುಗಳಲ್ಲಿ ಒಂದು, ಅದು ಎಲ್ಲರಿಗೂ ಗೊತ್ತು. ‘ವಿರುದ್ಧರಾಜ್ಯಾತಿಕ್ರಮ’ ಎಂಬುದು ಇನ್ನೊಂದು, ವ್ಯಾಪಾರದಲ್ಲಿ ರಾಜ್ಯದ ಕಟ್ಟಳೆ ಮೀರುವುದನ್ನೂ ಇದರಲ್ಲಿ ಸೇರಿಸಿ ಅರ್ಥ ಹೇಳುತ್ತಾರೆ. ಪ್ರವಚನಗಳಲ್ಲಿ ಇದನ್ನು ಬೇಗ ದಾಟಿಬಿಡುವುದೇ ಹೆಚ್ಚು.

ದಿನಕ್ಕೆ 11,000 ರೂಪಾಯಿ

ಮಿತಿ ಎಷ್ಟು? ಸರಕು ಮಾತ್ರ ಮಾರುವವರಿಗೆ ವರ್ಷಕ್ಕೆ 40 ಲಕ್ಷ ರೂ., ಸೇವೆ ನೀಡುವವರಿಗೆ 20 ಲಕ್ಷ ರೂ. 40 ಲಕ್ಷ ಎಂದರೆ ದೊಡ್ಡ ಮೊತ್ತ, ‘ಅದು ನಮ್ಮಂಥವರಿಗಲ್ಲ’ ಎಂದು ಬಹಳಷ್ಟು ಅಂಗಡಿಯವರು ತಿಳಿದಿದ್ದರು. ಲೆಕ್ಕ ಹಾಕಿ ನೋಡಿದರೆ ಬೇರೆಯೇ ಕಾಣುತ್ತದೆ. ದಿನಕ್ಕೆ 11,000 ರೂ. ವ್ಯಾಪಾರ, ವರ್ಷಕ್ಕೆ 365 ದಿನ, ಒಟ್ಟು 40 ಲಕ್ಷದ 15 ಸಾವಿರ. ಮುಖ್ಯರಸ್ತೆಯಲ್ಲಿರುವ ಒಂದು ಕಾಂಡಿಮೆಂಟ್ಸ್ ಅಂಗಡಿಗೆ ದಿನಕ್ಕೆ 11,000 ಹೆಚ್ಚೇನಲ್ಲ. ಅದರಲ್ಲಿ ನೂರಕ್ಕೆ ಹತ್ತು ಉಳಿದರೂ ತಿಂಗಳಿಗೆ 33,000. ಬಾಡಿಗೆ, ಕರೆಂಟು, ಹುಡುಗನ ಸಂಬಳ ಕಳೆದರೆ ಮನೆಗೆ ಹೋಗುವುದು ಎಷ್ಟು? ಲಾಭ ಸಣ್ಣದಾಗಿರುವುದರಿಂದ ಅಂಗಡಿಯವನು ತನ್ನನ್ನು ಸಣ್ಣವನೆಂದೇ ಎಣಿಸುತ್ತಾನೆ, ಕಾನೂನು ವಹಿವಾಟು ನೋಡಿ ದೊಡ್ಡವನೆನ್ನುತ್ತದೆ. ಜುಲೈನ ಗೊಂದಲದ ಮೂಲ ಇದೇ.

ಇನ್ನೊಂದು ತಪ್ಪು ತಿಳಿವಳಿಕೆ ವಿನಾಯಿತಿಯ ಬಗ್ಗೆ. ಬರೀ ತರಕಾರಿ, ಹಣ್ಣು, ಬಿಡಿ ಹಾಲು ಮಾರುವವರಿಗೆ ನೋಂದಣಿ ಬೇಡ, ವಹಿವಾಟು ಎಷ್ಟೇ ಇರಲಿ. ಆದರೆ ಅದೇ ಅಂಗಡಿಯಲ್ಲಿ ಹಾಲಿನ ಜೊತೆ ಬಿಸ್ಕತ್ತು, ಸೋಪು, ಚಾಕೊಲೇಟ್ ಇಟ್ಟರೆ ಲೆಕ್ಕ ಬದಲಾಯಿತು. ಆಗ 40 ಲಕ್ಷದ ಮಿತಿ ನೋಡುವಾಗ ಹಾಲಿನ ವ್ಯಾಪಾರವೂ ಒಟ್ಟಿಗೆ ಸೇರುತ್ತದೆ. ತೆರಿಗೆ ಬೀಳುವುದು ಬಿಸ್ಕತ್ತು, ಸೋಪಿಗೆ ಮಾತ್ರ. ಯಾವುದು ಎಷ್ಟು ಎಂದು ಬರೆದಿಟ್ಟಿದ್ದವನಿಗೆ ಇದು ಒಂದು ಪುಟದ ಉತ್ತರ. ಬರೆಯದವನ ಪಾಲಿಗೆ ಎಲ್ಲವೂ ತೆರಿಗೆಯ ಮಾಲೇ.

ಹಾಗೆಯೇ ಭಾವಮೈದುನ ಮದುವೆಗೆ ಕಳುಹಿಸಿದ ಹಣ, ಮಗಳು ಹಾಸ್ಟೆಲ್ ಫೀಸಿಗೆ ಮರಳಿಸಿದ್ದು, ಬಸದಿಯ ಪೂಜೆಗೆ ನಾಲ್ಕು ಮನೆಯವರು ಸೇರಿಸಿ ಒಬ್ಬರ ಫೋನಿಗೆ ಹಾಕಿದ ವಂತಿಗೆ ಇವೆಲ್ಲ ಅಂಗಡಿಯ ಅದೇ ಯುಪಿಐ ಸಂಖ್ಯೆಗೆ ಬಂದರೆ ವ್ಯಾಪಾರದಂತೆಯೇ ಕಾಣುತ್ತವೆ. ಸಮಾಜದ ಕೆಲಸದಲ್ಲಿ ಮುಂದೆ ನಿಲ್ಲುವ ವ್ಯಾಪಾರಿಗಳು ಇದನ್ನು ವಿಶೇಷವಾಗಿ ಗಮನಿಸಬೇಕು. ಅಂಗಡಿಗೆ ಬೇರೆ ಚಾಲ್ತಿ ಖಾತೆ, ಮನೆಗೆ ಬೇರೆ ಖಾತೆ, ಸಂಘಕ್ಕೆ ಸಂಘದ ಹೆಸರಿನ ಖಾತೆ. ಖರ್ಚಿಲ್ಲದ ಈ ಒಂದು ಕೆಲಸ ಮುಂದೆ ಎಷ್ಟೋ ಓಡಾಟ ಉಳಿಸುತ್ತದೆ.

ಮಿತಿ ದಾಟಿದವರು ಹೆದರಬೇಕಾಗಿಲ್ಲ. ವರ್ಷಕ್ಕೆ 1.5 ಕೋಟಿ ರೂ. ಒಳಗಿನ ವ್ಯಾಪಾರಿಗಳಿಗೆ ರಾಜಿ ತೆರಿಗೆ, ಅಂದರೆ ಕಾಂಪೊಸಿಷನ್ ಪದ್ಧತಿ ಇದೆ. ಮಾಲು ಮಾರುವವರು ತೆರಿಗೆ ಬೀಳುವ ವಹಿವಾಟಿನ ಶೇ 1 ಕಟ್ಟಿದರೆ ಸಾಕು, ಹೋಟೆಲಿನವರಿಗೆ ಶೇ 5. 43 ಲಕ್ಷ ರೂ. ವಹಿವಾಟಿನ ಅಂಗಡಿಗೆ ವರ್ಷಕ್ಕೆ 43,000, ತಿಂಗಳಿಗೆ 3,600ರ ಆಸುಪಾಸು. ಮೂರು ತಿಂಗಳಿಗೊಮ್ಮೆ ಹಣ ಕಟ್ಟಬೇಕು, ವರ್ಷಕ್ಕೊಂದು ವಿವರ ಪಟ್ಟಿ ಸಲ್ಲಿಸಬೇಕು. ಇದರಲ್ಲಿ ಗಿರಾಕಿಯಿಂದ ಜಿಎಸ್‌ಟಿ ಎಂದು ಬೇರೆಯಾಗಿ ವಸೂಲಿ ಮಾಡುವಂತಿಲ್ಲ, ಖರೀದಿಯ ತೆರಿಗೆಯನ್ನು ಕಳೆಯಲು ಬರುವುದಿಲ್ಲ, ಹೊರರಾಜ್ಯಕ್ಕೆ ಮಾಲು ಮಾರುವಂತಿಲ್ಲ. ಬಟ್ಟೆ ಸಗಟು ವ್ಯಾಪಾರದವರಿಗೆ ಇದು ಒಗ್ಗದು. ಬಡಾವಣೆಯ ಚಿಲ್ಲರೆ ಅಂಗಡಿಗೆ ಸರಿಹೋಗುತ್ತದೆ. ಆದರೆ ಈ ಪದ್ಧತಿ ಹಿಂದಿನ ವರ್ಷಗಳಿಗೆ ಅನ್ವಯಿಸುವುದಿಲ್ಲ. ತಡ ಮಾಡಿ ಸಿಕ್ಕಿಬಿದ್ದವನು ಆ ಮಾಲಿನ ಪೂರ್ತಿ ದರದ ತೆರಿಗೆ, ಅದರ ಮೇಲೆ ವರ್ಷಕ್ಕೆ ಶೇ 18 ಬಡ್ಡಿ, ದಂಡ ಎಲ್ಲಕ್ಕೂ ಗುರಿಯಾಗಬಹುದು. ಪೋರ್ಟಲ್‌ನಲ್ಲಿ ನೋಂದಣಿಗೆ ಸರ್ಕಾರದ ಶುಲ್ಕ ಏನೂ ಇಲ್ಲ.

ನೋಟಿಸ್ ಬಂದರೆ ಅದನ್ನು ಡ್ರಾಯರ್‌ನಲ್ಲಿ ಇಟ್ಟು ಮರೆಯುವುದೇ ಅತಿ ದೊಡ್ಡ ತಪ್ಪು. ಅದು ತೆರಿಗೆಯ ಅಂತಿಮ ಆದೇಶವಲ್ಲ, ವಿವರಣೆ ಕೇಳುವ ಪತ್ರ. ಹೇಳಿದ ದಿನಾಂಕದೊಳಗೆ ಖರೀದಿ ಬಿಲ್ಲು, ಬ್ಯಾಂಕ್ ಪಟ್ಟಿ, ಯಾವ ಹಣ ವ್ಯಾಪಾರದ್ದಲ್ಲ ಎಂಬ ಟಿಪ್ಪಣಿ ಸೇರಿಸಿ ಉತ್ತರ ಕೊಟ್ಟರೆ ಅರ್ಧ ತೂಕ ಇಳಿಯುತ್ತದೆ.

ದರಗಳು, ಬಾಡಿಗೆ

2025ರ ಸೆಪ್ಟೆಂಬರ್ 3ರಂದು ನಡೆದ ಜಿಎಸ್‌ಟಿ ಮಂಡಳಿಯ 56ನೇ ಸಭೆ ಶೇ 12 ಮತ್ತು ಶೇ 28ರ ಹಂತಗಳನ್ನು ಕೈಬಿಡಲು ತೀರ್ಮಾನಿಸಿತು. ಸೆಪ್ಟೆಂಬರ್ 22ರಿಂದ ಬಹುತೇಕ ಮಾಲು ಶೇ 5 ಅಥವಾ ಶೇ 18ಕ್ಕೆ ಬಂದಿದೆ. ಸಮಾಜದ ಮನೆಗಳಿಗೆ ಹತ್ತಿರದ ಒಂದು ಸುದ್ದಿ: ಖಾಖ್ರಾ, ಚಪಾತಿ, ರೊಟ್ಟಿಗೆ ಈಗ ತೆರಿಗೆಯೇ ಇಲ್ಲ. ತುಪ್ಪ, ಬೆಣ್ಣೆ, ಕುರುಕಲು ತಿಂಡಿ ಶೇ 12ರಿಂದ ಶೇ 5ಕ್ಕೆ ಇಳಿದವು. ಸೋಪು, ಶಾಂಪೂ, ತಲೆಗೆ ಹಚ್ಚುವ ಎಣ್ಣೆ ಶೇ 18ರಿಂದ ಶೇ 5ಕ್ಕೆ. ಚಿನ್ನದ ಶೇ 3 ಹಾಗೆಯೇ ಇದೆ.

ಸಿದ್ಧ ಉಡುಪಿನವರು ಮಾತ್ರ ಎಚ್ಚರವಾಗಿರಬೇಕು. ಒಂದು ಉಡುಪಿನ ಬೆಲೆ 2,500 ರೂ.ವರೆಗೆ ಶೇ 5, ಅದನ್ನು ದಾಟಿದರೆ ಇಡೀ ಬೆಲೆಗೆ ಶೇ 18. 2,500 ರೂ. ಉಡುಪಿಗೆ ತೆರಿಗೆ 125 ರೂ., 2,600 ರೂ. ಉಡುಪಿಗೆ 468 ರೂ. ನೂರು ರೂಪಾಯಿ ಬೆಲೆ ಏರಿಸಿದ್ದಕ್ಕೆ ಗಿರಾಕಿಯ ಮೇಲೆ ಬೀಳುವ ಹೊರೆ 443 ರೂ. ಬಿಲ್ಲು ಮಾಡುವ ಯಂತ್ರದಲ್ಲಿ ಹಳೆಯ 1,000 ರೂ. ಮಿತಿಯೇ ಉಳಿದುಕೊಂಡಿದ್ದರೆ ಪ್ರತಿದಿನವೂ ತಪ್ಪು ಬಿಲ್ಲು.

ಬಾಡಿಗೆಯ ವಿಷಯ ಅನೇಕರ ಗಮನಕ್ಕೇ ಬಂದಿಲ್ಲ. 2024ರ ಅಕ್ಟೋಬರ್ 10ರಿಂದ, ಅಂಗಡಿ ಕಟ್ಟಡದ ಮಾಲೀಕರಿಗೆ ಜಿಎಸ್‌ಟಿ ನೋಂದಣಿ ಇಲ್ಲದಿದ್ದರೆ, ನೋಂದಣಿ ಇರುವ ಬಾಡಿಗೆದಾರನೇ ಬಾಡಿಗೆಯ ಮೇಲೆ ಶೇ 18 ತೆರಿಗೆ ಕಟ್ಟಿ ನಂತರ ಅದನ್ನು ತನ್ನ ಲೆಕ್ಕದಲ್ಲಿ ಕಳೆದುಕೊಳ್ಳಬೇಕು. ಕಾಂಪೊಸಿಷನ್ ಪದ್ಧತಿಯವರಿಗೆ ಹೀಗೆ ಕಳೆಯುವ ಅವಕಾಶ ಇಲ್ಲದ ಕಾರಣ 2025ರ ಜನವರಿ 16ರಿಂದ ಅವರನ್ನು ಇದರಿಂದ ಹೊರಗಿಡಲಾಗಿದೆ.

ಅಂಗಡಿಯ ಹುಡುಗನ ಲೆಕ್ಕ

ಈಗ ಹೆಚ್ಚು ಮುಖ್ಯವಾದ ವಿಷಯ. 2025ರ ನವೆಂಬರ್ 21ರಂದು ಕೇಂದ್ರ ಸರ್ಕಾರ ನಾಲ್ಕು ಕಾರ್ಮಿಕ ಸಂಹಿತೆಗಳನ್ನು ಜಾರಿಗೆ ತಂದಿತು: 2019ರ ವೇತನ ಸಂಹಿತೆ, 2020ರ ಕೈಗಾರಿಕಾ ಸಂಬಂಧ ಸಂಹಿತೆ, ಸಾಮಾಜಿಕ ಭದ್ರತಾ ಸಂಹಿತೆ, ಮತ್ತು ಸುರಕ್ಷತೆ, ಆರೋಗ್ಯ, ಕೆಲಸದ ಸ್ಥಿತಿಗತಿಗಳ ಸಂಹಿತೆ. 29 ಹಳೆಯ ಕೇಂದ್ರ ಕಾನೂನುಗಳು ಇವುಗಳಲ್ಲಿ ಸೇರಿಹೋದವು. ಫ್ಯಾಕ್ಟರಿಯವರು ಆಡಿಟರನ್ನು ಕೇಳಿ ಸರಿಮಾಡಿಕೊಳ್ಳುತ್ತಾರೆ. ನಾಲ್ಕು, ಎಂಟು, ಹನ್ನೆರಡು ಜನ ಕೆಲಸದವರಿರುವ ಅಂಗಡಿಯವರು ಇದು ತಮಗಲ್ಲ ಎಂದುಕೊಂಡು ಸುಮ್ಮನಿರುವುದೇ ಹೆಚ್ಚು.

ವೇತನ ಸಂಹಿತೆಗೆ ಜನಸಂಖ್ಯೆಯ ಮಿತಿ ಇಲ್ಲ. ಒಬ್ಬನೇ ನೌಕರನಿದ್ದರೂ ಅನ್ವಯಿಸುತ್ತದೆ. ತಿಂಗಳ ಸಂಬಳ ಮುಂದಿನ ತಿಂಗಳ 7ನೇ ತಾರೀಖಿನೊಳಗೆ ಕೊಡಬೇಕು. ನೌಕರ ಕೆಲಸ ಬಿಟ್ಟರೆ ಅಥವಾ ಬಿಡಿಸಿದರೆ ಎರಡು ಕೆಲಸದ ದಿನಗಳೊಳಗೆ ಸಂಬಳದ ಬಾಕಿ ತೀರಿಸಬೇಕು. ‘ದೀಪಾವಳಿ ಆದ ಮೇಲೆ ಬಾ, ಲೆಕ್ಕ ಮಾಡೋಣ’ ಎಂಬ ಕಾಲ ಮುಗಿಯಿತು. ಸಂಬಳದ ಚೀಟಿ ಕೊಡಬೇಕು. ಹೆಚ್ಚಿನ ಗಂಟೆಯ ಕೆಲಸಕ್ಕೆ ಎರಡರಷ್ಟು ದರ. ಒಂದೇ ಕೆಲಸಕ್ಕೆ ಹೆಣ್ಣು-ಗಂಡಿಗೆ ಬೇರೆ ಬೇರೆ ಸಂಬಳ ಸಲ್ಲದು. ಕರ್ನಾಟಕದಲ್ಲಿ ಕನಿಷ್ಠ ವೇತನದ ತುಟ್ಟಿಭತ್ಯೆ ಪ್ರತಿ ವರ್ಷ ಏಪ್ರಿಲ್‌ನಲ್ಲಿ ಬದಲಾಗುತ್ತದೆ. ಅದನ್ನು ನೋಡಿ ಸಂಬಳ ಪರಿಷ್ಕರಿಸುವ ಅಂಗಡಿಗಳು ಕಡಿಮೆಯೇ.

ಈ ಸಂಹಿತೆಯ 59ನೇ ಕಲಮು ಪ್ರತಿ ಅಂಗಡಿಯವನೂ ತಿಳಿಯಬೇಕಾದದ್ದು. ಸಂಬಳ ಬಂದಿಲ್ಲ, ಕಡಿಮೆ ಬಂದಿದೆ, ಅಥವಾ ತಪ್ಪಾಗಿ ಹಿಡಿದುಕೊಂಡಿದ್ದಾರೆ ಎಂದು ನೌಕರ ದೂರು ಕೊಟ್ಟರೆ, ಕೊಟ್ಟಿದ್ದೇನೆ ಎಂದು ರುಜುವಾತು ಮಾಡುವ ಹೊಣೆ ಮಾಲೀಕನದು. ಸಂಬಳ ಬಂದಿಲ್ಲ ಎಂಬುದನ್ನು ನೌಕರ ಸಾಬೀತು ಮಾಡಬೇಕಾಗಿಲ್ಲ. ದೂರು ಕೊಡಲು ಅವನಿಗೆ ಮೂರು ವರ್ಷ ಸಮಯವಿದೆ.

ಅಂಗಡಿಗಳಲ್ಲಿ ನಡೆಯುವುದನ್ನು ನೆನೆದರೆ ಇದರ ತೂಕ ಗೊತ್ತಾಗುತ್ತದೆ. ಹತ್ತು-ಹನ್ನೆರಡು ವರ್ಷದ ಹಿಂದೆ ಊರಿನಿಂದ ಪರಿಚಯದವರು ಕರೆತಂದು ಬಿಟ್ಟ ಹುಡುಗ. ಅಂಗಡಿಯ ಹಿಂದೆಯೇ ವಾಸ, ಮಾಲೀಕರ ಮನೆಯಿಂದಲೇ ಊಟ. ತಂಗಿಯ ಮದುವೆಗೆ ಮಾಲೀಕರು ಬಡ್ಡಿಯಿಲ್ಲದೆ ಎರಡು ಲಕ್ಷ ಕೊಟ್ಟಿರುತ್ತಾರೆ, ತಾಯಿಯ ಆಪರೇಷನ್‌ಗೆ ಆಸ್ಪತ್ರೆಗೆ ಓಡಾಡಿರುತ್ತಾರೆ. ಸಂಬಳದಲ್ಲಿ ತಿಂಗಳಿಗೆ ಇಷ್ಟು ಎಂದು ಹಿಡಿದುಕೊಳ್ಳುತ್ತಾ ಬಂದಿರುತ್ತಾರೆ. ಉಳಿದದ್ದು ನಗದು. ಎಲ್ಲಿಯೂ ಸಹಿ ಇಲ್ಲ. ಒಂದು ದಿನ ಯಾವುದೋ ಮಾತಿಗೆ ಮನಸ್ತಾಪವಾಗಿ ಅವನು ಹೊರಟುಹೋಗುತ್ತಾನೆ. ಮಾಲೀಕರು ‘ಮಗನಂತೆ ನೋಡಿಕೊಂಡೆ’ ಎನ್ನುತ್ತಾರೆ, ಅದು ಸುಳ್ಳಲ್ಲ. ಆದರೆ ಅಧಿಕಾರಿಯ ಮುಂದೆ ಆ ಮಾತಿಗೆ ಬೆಲೆಯಿಲ್ಲ. ಆ ಎರಡು ಲಕ್ಷವೂ ಇಲ್ಲ, ನಗದಾಗಿ ಕೊಟ್ಟ ಸಂಬಳವೂ ಇಲ್ಲ.

ಇದರ ಇನ್ನೊಂದು ಮುಖವನ್ನೂ ಹೇಳದಿದ್ದರೆ ಅನ್ಯಾಯವಾದೀತು. ಅದೇ ಹುಡುಗನಿಗೆ ಬ್ಯಾಂಕಿನಲ್ಲಿ ಸಾಲ ಬೇಕಾದಾಗ ಸಂಬಳದ ಚೀಟಿ ಇಲ್ಲ. ಬೇರೆ ಕೆಲಸಕ್ಕೆ ಹೋದರೆ ಅನುಭವದ ಪತ್ರ ಇಲ್ಲ. ಹನ್ನೆರಡು ವರ್ಷ ದುಡಿದದ್ದು ಎಲ್ಲಿಯೂ ದಾಖಲಾಗಿಲ್ಲ. ಮಾಲೀಕರ ಒಳ್ಳೆಯತನ ಅವನಿಗೆ ಸಿಕ್ಕಿತು, ಹಕ್ಕು ಸಿಗಲಿಲ್ಲ. ಮಾಲೀಕರು ತೀರಿಕೊಂಡು ಮಗ ಗಲ್ಲಾದಲ್ಲಿ ಕೂತ ದಿನ ಆ ಒಳ್ಳೆಯತನ ಮುಂದುವರಿಯುತ್ತದೆಯೋ ಇಲ್ಲವೋ ಯಾರಿಗೆ ಗೊತ್ತು?

ಮುಂಗಡವನ್ನು ಸಂಬಳದಲ್ಲಿ ಹಿಡಿಯಲು ಕಾನೂನಿನಲ್ಲಿ ಅಡ್ಡಿಯಿಲ್ಲ. ಆದರೆ ಎಲ್ಲ ಬಗೆಯ ಕಡಿತ ಸೇರಿ ಸಂಬಳದ ಅರ್ಧ ಮೀರಬಾರದು, ಬರಹದಲ್ಲಿ ಇರಬೇಕು. ರಾತ್ರಿ ಗಲ್ಲಾ ಎಣಿಸುವಾಗ 500 ಕಡಿಮೆ ಬಂತೆಂದು ಕೂಡಲೇ ಹುಡುಗನ ಸಂಬಳದಿಂದ ಹಿಡಿಯುವ ರೂಢಿ ಹಲವೆಡೆ ಇದೆ. ಅವನ ಉಸ್ತುವಾರಿಗೆ ಒಪ್ಪಿಸಿದ ಹಣವಾಗಿದ್ದು, ಅವನ ಅಲಕ್ಷ್ಯದಿಂದಲೇ ಹೋಗಿದ್ದು, ಅವನ ಸಮಜಾಯಿಷಿ ಕೇಳಿದ ಮೇಲಷ್ಟೇ ಹಾಗೆ ಮಾಡಬಹುದು.

ಗ್ರ್ಯಾಚುಯಿಟಿಯ ಲೆಕ್ಕವೂ ಬದಲಾಗಿದೆ. ಹತ್ತು ಅಥವಾ ಹೆಚ್ಚು ನೌಕರರಿರುವ ಅಂಗಡಿಗೆ ಇದು ಅನ್ವಯ. ಒಮ್ಮೆ ಹತ್ತು ಜನ ಆಗಿ ಕಾನೂನಿನ ವ್ಯಾಪ್ತಿಗೆ ಬಂದರೆ, ನಂತರ ಎಂಟಕ್ಕೆ ಇಳಿದರೂ ಬಿಡುಗಡೆ ಇಲ್ಲ. ಐದು ವರ್ಷ ತುಂಬಿದ ನೌಕರನಿಗೆ ವರ್ಷಕ್ಕೆ 15 ದಿನದ ಸಂಬಳದಂತೆ ಕೊಡಬೇಕು. ನಿಗದಿತ ಅವಧಿಗೆ ಒಪ್ಪಂದದ ಮೇಲೆ ತೆಗೆದುಕೊಂಡವರಿಗೆ ಈಗ ಒಂದು ವರ್ಷ ಸಾಕು. ಹಿಂದೆ ಕೆಲವರು ಮೂಲವೇತನ ಕಡಿಮೆ ತೋರಿಸಿ, ಉಳಿದದ್ದನ್ನು ಮನೆಬಾಡಿಗೆ ಭತ್ಯೆ, ಪ್ರಯಾಣ ಭತ್ಯೆ ಎಂದು ಹಂಚುತ್ತಿದ್ದರು. ಈಗ ಭತ್ಯೆಗಳು ಒಟ್ಟಿನ ಅರ್ಧ ಮೀರಿದರೆ, ಮೀರಿದ ಭಾಗ ವೇತನಕ್ಕೆ ಸೇರುತ್ತದೆ. ಉದಾಹರಣೆಗೆ, ಆಭರಣದಂಗಡಿಯ ಹಿರಿಯ ಗುಮಾಸ್ತರಿಗೆ 40,000 ಸಂಬಳ, ಅದರಲ್ಲಿ ಮೂಲವೇತನ 16,000, ಭತ್ಯೆ 24,000 ಎಂದಿಟ್ಟುಕೊಳ್ಳೋಣ. ಹಳೆಯ ರೀತಿಯಲ್ಲಿ 12 ವರ್ಷಕ್ಕೆ ಗ್ರ್ಯಾಚುಯಿಟಿ 1,10,769 ರೂ. ಈಗ 20,000ದ ಮೇಲೆ ಲೆಕ್ಕ ಹಾಕಿದರೆ 1,38,462 ರೂ. ಪಿಎಫ್, ಇಎಸ್‌ಐ ಕಟ್ಟುವವರಿಗೂ ವೇತನದ ಅರ್ಥ ಇದೇ. ಇಎಸ್‌ಐ ಹತ್ತು ಜನರಿಂದ, ಪಿಎಫ್ ಇಪ್ಪತ್ತು ಜನರಿಂದ ಎಂಬುದು ಮೊದಲಿನಂತೆಯೇ ಇದೆ. ತಿಂಗಳಿಗೆ 200 ರೂ. ವೃತ್ತಿ ತೆರಿಗೆ ಹಿಡಿಯುವವರು ಫೆಬ್ರವರಿ ತಿಂಗಳಲ್ಲಿ ಮಾತ್ರ 300 ಹಿಡಿಯಬೇಕು. 2025ರ ಏಪ್ರಿಲ್‌ನಿಂದ ಬಂದ ಈ ಬದಲಾವಣೆಯನ್ನು ಮರೆತವರು ಬಹಳ.

ಹತ್ತು ಅಥವಾ ಹೆಚ್ಚು ಕೆಲಸಗಾರರಿರುವಲ್ಲಿ ಪ್ರತಿಯೊಬ್ಬರಿಗೂ ನೇಮಕಾತಿ ಪತ್ರ ಕಡ್ಡಾಯ. ಮೊದಲಿನಿಂದ ಪತ್ರವಿಲ್ಲದೆ ಇರುವವರಿಗೂ ಸಂಹಿತೆ ಜಾರಿಯಾದ ಮೂರು ತಿಂಗಳೊಳಗೆ ಕೊಡಬೇಕೆಂದಿದೆ. ಹತ್ತಕ್ಕಿಂತ ಕಡಿಮೆ ಜನರಿರುವವರು ನಿರಾಳರಾಗುವಂತಿಲ್ಲ. 1961ರ ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ ರಾಜ್ಯದ್ದು, ಅದು ಆ 29ರಲ್ಲಿ ಸೇರಿಲ್ಲ, ಇಂದಿಗೂ ಇದೆ. ಅದರ 6-ಎ ಕಲಮು ನೌಕರನನ್ನು ತೆಗೆದುಕೊಂಡ 30 ದಿನದೊಳಗೆ ಹೆಸರು, ಹುದ್ದೆ, ಸಂಬಳ, ಷರತ್ತು ಬರೆದ ಆದೇಶ ಕೊಡಬೇಕು ಎನ್ನುತ್ತದೆ. ದಿನಕ್ಕೆ 9 ಗಂಟೆ, ವಾರಕ್ಕೆ 48 ಗಂಟೆ, ವಾರಕ್ಕೊಂದು ರಜೆ, 20 ದಿನದ ಕೆಲಸಕ್ಕೆ ಒಂದು ದಿನ ಸಂಬಳ ಸಹಿತ ರಜೆ ಎಂಬುದೂ ಅದರಲ್ಲೇ ಇದೆ. ಅಂದರೆ ಹೊಸದು ಎಂದು ಗಾಬರಿಯಾಗುವ ಅನೇಕ ನಿಯಮಗಳು ಹೊಸವಲ್ಲ. ಬೆಳಿಗ್ಗೆ ಹತ್ತರಿಂದ ರಾತ್ರಿ ಹತ್ತರವರೆಗೆ ಒಬ್ಬನನ್ನೇ ನಿಲ್ಲಿಸುವ ಅಂಗಡಿಗಳು ಎಷ್ಟಿವೆ ಎಂದು ಬೀದಿಯಲ್ಲಿ ನಡೆದರೆ ತಿಳಿಯುತ್ತದೆ.

ಇತರ ಕೆಲವು

ಮಹಿಳಾ ನೌಕರರಿಗೆ ತಿಂಗಳಿಗೆ ಒಂದು ದಿನ, ವರ್ಷಕ್ಕೆ 12 ದಿನ ಸಂಬಳ ಸಹಿತ ಮುಟ್ಟಿನ ರಜೆಯ ನೀತಿಗೆ ರಾಜ್ಯ ಸಂಪುಟ 2025ರ ಅಕ್ಟೋಬರ್ 9ರಂದು ಒಪ್ಪಿಗೆ ನೀಡಿತು. ನವೆಂಬರ್‌ನಲ್ಲಿ ಆದೇಶ ಹೊರಬಿತ್ತು. 18ರಿಂದ 52 ವರ್ಷದವರಿಗೆ ಇದು, ವೈದ್ಯರ ಪ್ರಮಾಣಪತ್ರ ಕೇಳುವಂತಿಲ್ಲ, ಆ ತಿಂಗಳ ರಜೆ ಆ ತಿಂಗಳಿಗೇ. ಅಂಗಡಿ ಕಾಯ್ದೆಯಡಿ ನೋಂದಣಿಯಾದ ಸಂಸ್ಥೆಗಳೂ ಇದರಲ್ಲಿ ಸೇರಿವೆ. ಡಿಸೆಂಬರ್‌ನಲ್ಲಿ ಉದ್ಯೋಗದಾತರ ಕಡೆಯಿಂದ ಇದು ಹೈಕೋರ್ಟ್ ಮೆಟ್ಟಿಲೇರಿತು. ನ್ಯಾಯಾಲಯದ ವಿಷಯ ಏನೇ ಇರಲಿ, ಬಟ್ಟೆ ಅಂಗಡಿಯಲ್ಲಿ ದಿನವಿಡೀ ನಿಂತೇ ಇರುವ ಹೆಣ್ಣುಮಕ್ಕಳಿಗೆ ಕೂರಲು ಒಂದು ಸ್ಟೂಲು, ಸ್ವಚ್ಛ ಶೌಚಾಲಯ ಕೊಡಲು ಯಾವ ಆದೇಶವೂ ಬೇಕಾಗಿಲ್ಲ.

ನಾಮಫಲಕದಲ್ಲಿ ಶೇ 60 ಕನ್ನಡ ಇರಬೇಕೆಂಬ ನಿಯಮ 2024ರ ತಿದ್ದುಪಡಿಯಿಂದ ಬಂತು, ಬೆಂಗಳೂರಿನಲ್ಲಿ ಆ ವರ್ಷ ಫೆಬ್ರವರಿ 28ರ ಗಡುವೂ ಇತ್ತು. ಹೊಸದಾಗಿ ಫಲಕ ಬರೆಸುವವರು ಮೊದಲೇ ಅಳತೆ ನೋಡಿಕೊಂಡರೆ ಎರಡು ಸಲ ಖರ್ಚು ತಪ್ಪುತ್ತದೆ. ಕಾಂಪೊಸಿಷನ್ ಪದ್ಧತಿಯವರು ಅದನ್ನೂ ಫಲಕದಲ್ಲಿ ಬರೆಸಬೇಕು. 2025ರ ಸೆಪ್ಟೆಂಬರ್‌ನಿಂದ ಬಿಬಿಎಂಪಿ ಹೋಗಿ ಐದು ಪಾಲಿಕೆಗಳಾಗಿವೆ. ಸರ್ವಜ್ಞನಗರ ಕ್ಷೇತ್ರದ ಕಮ್ಮನಹಳ್ಳಿ ಬೆಂಗಳೂರು ಉತ್ತರ ನಗರ ಪಾಲಿಕೆಗೆ ಸೇರಿದೆ. ಉದ್ದಿಮೆ ಪರವಾನಗಿ ನವೀಕರಿಸುವಾಗ ಪಾಲಿಕೆಯ ಹೆಸರು ಸರಿಯಾಗಿದೆಯೇ ನೋಡಬೇಕು.

ಸಣ್ಣ ತಯಾರಕರಿಂದ ಉದ್ರಿ ಮಾಲು ತರುವವರಿಗೆ ಒಂದು ಮಾತು. 2024ರ ಏಪ್ರಿಲ್‌ನಿಂದ, ಉದ್ಯಮ್ ನೋಂದಣಿ ಇರುವ ಕಿರು ಮತ್ತು ಸಣ್ಣ ತಯಾರಕರಿಗೆ ಒಪ್ಪಂದವಿದ್ದರೆ ಗರಿಷ್ಠ 45 ದಿನ, ಇಲ್ಲದಿದ್ದರೆ 15 ದಿನದೊಳಗೆ ಹಣ ಕೊಡದೆ ವರ್ಷಾಂತ್ಯಕ್ಕೆ ಬಾಕಿ ಉಳಿಸಿಕೊಂಡರೆ, ಆ ಮೊತ್ತವನ್ನು ಆ ವರ್ಷದ ಆದಾಯ ತೆರಿಗೆ ಲೆಕ್ಕದಲ್ಲಿ ಖರ್ಚೆಂದು ತೋರಿಸಲಾಗದು. 90 ದಿನದ ಉದ್ರಿಯ ಹಳೆಯ ರೂಢಿಗೆ ಇದು ಪೆಟ್ಟು. ಆದರೆ ತಯಾರಕರೂ ಎಷ್ಟೋ ಜನ ಸಮಾಜದವರೇ, ಅವರಿಗೆ ಇದರಿಂದ ಅನುಕೂಲ.

ಒಂದೇ ದಿನದಲ್ಲಿ ಎಲ್ಲವನ್ನೂ ಸರಿಮಾಡಲು ಆಗುವುದಿಲ್ಲ. ಮೊದಲು ಮಾಡಬೇಕಾದದ್ದು ಎರಡು. ಒಂದು, ದಿನದ ವ್ಯಾಪಾರದ ಪುಸ್ತಕ: ತೆರಿಗೆಯ ಮಾಲು, ವಿನಾಯಿತಿಯ ಮಾಲು ಎಂದು ಎರಡು ಕಾಲಂ, ನಗದು ಮತ್ತು ಯುಪಿಐ ಬೇರೆ ಬೇರೆ. ನೋಂದಣಿ ಇರುವವರು 200 ರೂ. ಒಳಗಿನ ಚಿಲ್ಲರೆ ವ್ಯಾಪಾರಕ್ಕೆ, ಗಿರಾಕಿ ಕೇಳದಿದ್ದರೆ, ಪ್ರತಿಯೊಂದಕ್ಕೂ ಬಿಲ್ಲು ಬರೆಯಬೇಕಾಗಿಲ್ಲ. ರಾತ್ರಿ ಎಲ್ಲ ಸೇರಿಸಿ ಒಂದು ಬಿಲ್ಲು ಸಾಕು.

ಎರಡನೆಯದು ನೇಮಕಾತಿ ಪತ್ರ. ಇದಕ್ಕೆ ವಕೀಲರು ಬೇಕಿಲ್ಲ, ಇಂಗ್ಲಿಷ್ ಬೇಕಿಲ್ಲ. ಅಂಗಡಿಯ ಹೆಸರಿರುವ ಕಾಗದದ ಮೇಲೆ ಕನ್ನಡದಲ್ಲಿ, ನೌಕರನ ಹೆಸರು, ಊರು, ಕೆಲಸಕ್ಕೆ ಸೇರಿದ ನಿಜವಾದ ದಿನಾಂಕ. ಹತ್ತು ವರ್ಷದ ಹಿಂದಿನದಾದರೆ ಅದನ್ನೇ ಬರೆಯಬೇಕು, ಇವತ್ತಿನದಲ್ಲ. ಮಾಡುವ ಕೆಲಸ, ಕೆಲಸದ ಸಮಯ, ವಾರದ ರಜೆ ಯಾವ ದಿನ. ಮೂಲವೇತನ ಮತ್ತು ತುಟ್ಟಿಭತ್ಯೆ ಎಷ್ಟು, ಉಳಿದ ಭತ್ಯೆ ಎಷ್ಟು, ಯಾವ ಬ್ಯಾಂಕ್ ಖಾತೆಗೆ, ಯಾವ ತಾರೀಖಿಗೆ. ಊಟ, ವಸತಿ ಕೊಡುತ್ತಿದ್ದರೆ ಅದು. ಮುಂಗಡ ಬಾಕಿ ಇದ್ದರೆ ಎಷ್ಟು, ತಿಂಗಳಿಗೆ ಎಷ್ಟು ಹಿಡಿಯುವುದು. ಇಷ್ಟು ಬರೆದು ಅವನಿಗೆ ಓದಿ ಹೇಳಿ, ಎರಡು ಪ್ರತಿ ಮಾಡಿ, ಎರಡಕ್ಕೂ ಇಬ್ಬರೂ ಸಹಿ ಹಾಕಿ, ಒಂದು ಪ್ರತಿಯನ್ನು ಅವನ ಕೈಗೆ ಕೊಡಬೇಕು.